ಹನಿ ಹನಿಯಾಗಿ ಇಳಿಯಬೇಕಿದ್ದ ಉಪ್ಪು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು ಅಳುತ್ತಿರಲಿಲ್ಲ. ಅಳುವುದನ್ನೆಲ್ಲ ಮನೆಯಲ್ಲೇ ಮುಗಿಸಿಕೊಂಡು ಬಂದ ಹಾಗಿತ್ತು. ಪ್ರೈಮರಿ ಶಾಲೆಯ ಟೀಚರು, ಕೈಯಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದ ದೂರು. ಅವಳ ಹಿಂದೆ, ಒಂದೊಂದು ಮೆಟ್ಟಿಲಿಗೂ ಒಂದೊಂದು ಬೈಗುಳ ಹಾಕುತ್ತಾ ಮುದುಕರೊಬ್ಬರು ಹತ್ತಿ ಬಂದರು. ಅಗಲವಾದ ಹೆಗಲು, ಎರಡೂ ಮುಂಗೈಗಳ ತುಂಬ ಹಳೆಯ ಸುಟ್ಟ ಕಲೆಗಳು.

ಇನ್ಸ್‌ಪೆಕ್ಟರ್ ಮುಖ ನೋಡುವ ಮೊದಲು ಆ ಕೈಗಳನ್ನು ನೋಡಿದ. ಗುರುತು ಸಿಗಲು ಅಷ್ಟೇ ಸಾಕಾಯಿತು. ಗಾಜಿನ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು. ಪೊಲೀಸ್ ಕೆಲಸದ ಆರ್ಡರು ಕೈಗೆ ಬರುವವರೆಗೆ ಅವನೂ ಅಲ್ಲಿ ಒಂದು ವರ್ಷ ಬಾಟಲಿ ಹೊತ್ತಿದ್ದ. ಆಗ ಭಟ್ಟಿಯ ಮೇಸ್ತ್ರಿ ಇವರು. ಇವರ ಗಂಟಲಿಗೆ ಹೆದರಿ ಭಟ್ಟಿಯೇ ಉರಿಯುತ್ತದೆ ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

"ಏನಪ್ಪಾ ಕಡ್ಡಿ," ಮೇಸ್ತ್ರಿ ಮೇಜಿನ ಮುಂದೆ ನಿಂತು ಅವನನ್ನು ಮೇಲಿಂದ ಕೆಳಗೆ ಅಳೆದರು. "ಕಂಬ ಆಗಿಬಿಟ್ಟಿದೀಯಲ್ಲ."

ಮೂಲೆಯಲ್ಲಿ ಬರೆಯುತ್ತಿದ್ದ ದಫೇದಾರ ಪೆನ್ನು ನಿಲ್ಲಿಸಿ ಗೋಡೆಯನ್ನೇ ನೋಡತೊಡಗಿದ. ಸಾಹೇಬರನ್ನು ಕಡ್ಡಿ ಅಂದವರನ್ನು ಆ ಠಾಣೆ ಅಲ್ಲಿಯತನಕ ಕಂಡಿರಲಿಲ್ಲ.

"ಕೂತ್ಕೊಳ್ಳಿ ಮೇಸ್ತ್ರಿ. ಕೂತ್ಕೊಳ್ಳಮ್ಮ. ಏನಾಯ್ತು?"

"ನಮ್ಮಪ್ಪ ಮಾತಾಡ್ತಾ ಇದ್ರು ಸರ್," ಅಂದಳು ಟೀಚರು. "ಎದ್ದು ಕೂತು ನಗ್ತಾ ಇದ್ರು. ಈಗ ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ. ಕಣ್ಣು ಮಾತ್ರ ಆಡುತ್ತೆ. ಆ ನರ್ಸು ಬಾಟಲಿ ತಪ್ಪಾಗಿ ಬಿಟ್ಟಿದಾಳೆ ಅಂತ ವಾರ್ಡಲ್ಲೆಲ್ಲ ಮಾತಾಡ್ಕೊಳ್ತಾರೆ."

"ನಿಮ್ಮ ತಂದೆ ಅಂದ್ರೆ?"

"ಕೊಳವೆಯಣ್ಣ ಕಣೋ," ಅಂದರು ಮೇಸ್ತ್ರಿ. "ನಮ್ಮ ಕೊಳವೆಯಣ್ಣ."

ಇನ್ಸ್‌ಪೆಕ್ಟರಿಗೆ ಭಟ್ಟಿಯ ಮುಂದಿನ ಚಿತ್ರ ಕಣ್ಣಿಗೆ ಬಂತು. ಉದ್ದನೆಯ ಕಬ್ಬಿಣದ ಕೊಳವೆ, ಅದರ ತುದಿಯಲ್ಲಿ ಜೇನಿನ ಹಾಗೆ ಇಳಿಬಿದ್ದ ಕಾದ ಗಾಜು, ಇನ್ನೊಂದು ತುದಿಯಲ್ಲಿ ಕೆನ್ನೆ ಉಬ್ಬಿಸಿದ ಮನುಷ್ಯ. ಒಂದೇ ಉಸಿರಿಗೆ ಬಾಟಲಿಯ ಹೊಟ್ಟೆ ಮೂಡುತ್ತಿತ್ತು. ಆ ಉಸಿರಿನವರು ಈಗ ಉಗುಳು ನುಂಗಲಾರದೆ ಮಲಗಿದ್ದಾರೆಂದರೆ ನಂಬುವುದು ಕಷ್ಟವಾಯಿತು.

ಟೀಚರು ಒಂದೊಂದಾಗಿ ಹೇಳಿದಳು. ತಿಂಗಳಿಂದ ಅಪ್ಪನ ನಡಿಗೆ ತಪ್ಪುತ್ತಿತ್ತು, ಮಾತಿಗೆ ಮಾತು ಸೇರುತ್ತಿರಲಿಲ್ಲ. ತನ್ನನ್ನು ಅಮ್ಮನ ಹೆಸರಿಂದ ಕರೆದಾಗ ವಯಸ್ಸಾಯಿತು ಅಂದುಕೊಂಡಿದ್ದಳು. ಎಂಟು ದಿನದ ಹಿಂದೆ, ಭಾನುವಾರ ಬೆಳಿಗ್ಗೆ ಫಿಟ್ಸ್ ಬಂದು ಬಿದ್ದರು. ರಕ್ತದಲ್ಲಿ ಉಪ್ಪಿನಂಶ ತೀರ ಇಳಿದಿದೆ ಎಂದು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಸೋಮವಾರ ಬೆಳಿಗ್ಗೆ ಹೋದರೆ ಅಪ್ಪ ದಿಂಬಿಗೊರಗಿ ಕೂತು "ಶಾಲೆಗೆ ಹೊತ್ತಾಗಲಿಲ್ವೇನೇ?" ಎಂದು ಕೇಳಿದರು. ಮಂಗಳವಾರವೂ ಹಾಗೇ. ಬುಧವಾರ ನಾಲಿಗೆ ತೊದಲಿತು, ಶುಕ್ರವಾರ ನೀರು ಗಂಟಲಿಳಿಯಲಿಲ್ಲ, ಶನಿವಾರ ಕೈಕಾಲು ಬಿದ್ದುಹೋಯಿತು.

"ಬಿಡಬೇಡ ಆ ಹುಡುಗಿನ," ಅಂದರು ಮೇಸ್ತ್ರಿ. "ಕಷ್ಟಪಟ್ಟು ಎಬ್ಬಿಸಿದ ಜೀವ ಕಣೋ ಅದು."

ಯಾರು ಕಷ್ಟಪಟ್ಟರೆಂದು ಆಗ ಇನ್ಸ್‌ಪೆಕ್ಟರ್ ಕೇಳಲಿಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದ ಕೃತ್ಯದಿಂದ ತೀವ್ರ ಹಾನಿ; ಆರೋಪಿ, ಕರ್ತವ್ಯದಲ್ಲಿದ್ದ ಶುಶ್ರೂಷಕಿ.

ಜೀಪಿನಲ್ಲಿ ದಫೇದಾರ ಬಾಯಿ ಬಿಟ್ಟ. ನಿವೃತ್ತಿ ಹತ್ತಿರವಿದ್ದ ಅವನಿಗೆ ಊರಿನ ಸುದ್ದಿಯೆಲ್ಲ ಎಫ್‌ಐಆರ್‌ಗಿಂತ ಮೊದಲೇ ಗೊತ್ತಾಗುತ್ತಿತ್ತು. "ಆಸ್ಪತ್ರೆಯೋರು ಆ ನರ್ಸನ್ನ ಆಗಲೇ ಮನೇಲಿ ಕೂರಿಸಿದಾರಂತೆ ಸರ್. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗೆ."

"ಆಕೆ ತಪ್ಪು ಮಾಡಿಲ್ಲ ಅಂತ ನಿನಗೆ ಹೇಗೆ ಗೊತ್ತು?"

"ಗೊತ್ತಿಲ್ಲ ಸರ್. ಎಲ್ಲರೂ ಇಷ್ಟು ಬೇಗ ಒಬ್ಬಳ ಮೇಲೇ ಬೊಟ್ಟು ಮಾಡ್ತಿರೋದು ನೋಡಿದ್ರೆ ಅನುಮಾನ, ಅಷ್ಟೇ."

ಡಾಕ್ಟರು ಕೋಣೆಯ ಬಾಗಿಲು ಹಾಕಿಕೊಂಡು ಮಾತಾಡಿದರು. ನಿದ್ದೆಗೆಟ್ಟ ಮುಖ.

"ಸೋಡಿಯಂ ನೂರ ಮೂವತ್ತೈದರ ಮೇಲಿರಬೇಕು. ಬಂದಾಗ ಇವರಿಗೆ ನೂರ ಆರು ಇತ್ತು. ಬಿ.ಪಿ.ಗೆ ನೀರು ಹೊರಹಾಕೋ ಮಾತ್ರೆ ತಗೊಳ್ತಿದ್ರು. ಊಟ ಅಷ್ಟಕ್ಕಷ್ಟೆ. ಅದರ ಮೇಲೆ ಕೊಡಗಟ್ಟಲೆ ನೀರು ಕುಡಿಯೋ ಅಭ್ಯಾಸ. ವಾರಗಟ್ಟಲೆ ನಿಧಾನಕ್ಕೆ ಇಳಿದಿದೆ."

"ಇಳಿದಿದ್ದನ್ನ ಏರಿಸಿದ್ದೀರಿ. ತಪ್ಪೇನು?"

"ಏರಿದ ವೇಗ. ನಿಧಾನಕ್ಕೆ ಇಳಿದಾಗ ಮೆದುಳು ಆ ಕೊರತೆಗೇ ಒಗ್ಗಿಕೊಂಡುಬಿಡುತ್ತೆ. ಥಟ್ಟನೆ ಏರಿಸಿದ್ರೆ ತಡ್ಕೊಳ್ಳಲ್ಲ. ನರಗಳ ಮೇಲಿನ ಹೊದಿಕೆ ಕಿತ್ತುಹೋಗುತ್ತೆ, ಕರೆಂಟಿನ ವೈರು ಸುಲಿದ ಹಾಗೆ. ಫಿಟ್ಸ್ ನಿಲ್ಲಿಸೋಕೆ ಮೊದಲು ಒಂದಿಷ್ಟು ಬೇಗ ಕೊಡ್ತೀವಿ. ಆಮೇಲೆ ದಿನಕ್ಕೆ ಆರೋ ಎಂಟೋ ಅಂಕಿ, ಅದಕ್ಕಿಂತ ಮೇಲೆ ಹೋಗಬಾರದು. ಇವರಿಗೆ ಒಂದೇ ದಿನದಲ್ಲಿ ಇಪ್ಪತ್ತೈದು ಏರಿತ್ತು."

"ಆದ್ರೂ ಎದ್ದು ಕೂತು ಮಾತಾಡಿದ್ರಲ್ಲ?"

"ಅದೇ ಇದರ ಮೋಸ," ಅಂದರು ಡಾಕ್ಟರು. "ಮೊದಲು ಚೆನ್ನಾಗಾಗ್ತಾರೆ. ಮನೆಯೋರು ಕೈಮುಗೀತಾರೆ. ಹಾನಿ ಕಾಣೋದು ಕೆಲವು ದಿನ ಬಿಟ್ಟು. ರಿಪೋರ್ಟ್ ಬಂದ ಮೇಲೆ ಮತ್ತೆ ಇಳಿಸೋಕೆ ನೋಡಿದ್ವಿ. ತಡವಾಗಿತ್ತು."

"ಡ್ರಿಪ್ಪಿಗೆ ಮಿಷನ್ ಇರುತ್ತಲ್ಲ?"

"ಇರೋ ಎರಡೂ ಬೇರೆ ರೋಗಿಗಳಿಗೆ ಹಾಕಿದ್ವಿ." ಡಾಕ್ಟರು ಮೇಜಿನ ಮೇಲಿನ ಗಾಜಿನ ಪೇಪರ್‌ವೇಟನ್ನು ಅತ್ತಿತ್ತ ಸರಿಸಿದರು. "ಕೈಯಲ್ಲೇ ಹನಿ ಲೆಕ್ಕ ಹಾಕಿ ಬಿಡಬೇಕಾಯ್ತು."

ಹಾಗಾದರೆ ಆಸ್ಪತ್ರೆಯವರೂ ಉತ್ತರ ಹೇಳಬೇಕಾಗುತ್ತದೆ ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ತಿಳಿಸಿದ. ಡಾಕ್ಟರು ತಲೆಯಾಡಿಸಿದರು.

ಮಧ್ಯಾಹ್ನ ಒಂದೂವರೆಗೆ ಇಬ್ಬರು ಪಂಚರ ಎದುರು ವಾರ್ಡಿನ ಪಂಚನಾಮೆ ನಡೆಯಿತು. ಕಿಟಕಿಯ ಪಕ್ಕದ ಮಂಚ, ಕಬ್ಬಿಣದ ಸ್ಟ್ಯಾಂಡು, ಅದಕ್ಕೆ ತೂಗುವ ಬಾಟಲಿ, ಕೊಳವೆಯ ನಡುವೆ ಹನಿ ಹೆಚ್ಚುಕಮ್ಮಿ ಮಾಡುವ ಬಿಳಿ ಚಕ್ರ. ಇನ್ಸ್‌ಪೆಕ್ಟರ್ ಬೇರೊಂದು ಬಾಟಲಿ, ಕೊಳವೆ ತರಿಸಿ ತೂಗುಹಾಕಿಸಿ, ಚಕ್ರವನ್ನು ಹೆಬ್ಬೆರಳಿಂದ ಮೇಲಕ್ಕೆ ತಳ್ಳಿ ನೋಡಿದ. ಬೀಳುತ್ತಿದ್ದ ಹನಿಗಳು ಒಂದಾಗಿ ದಾರದಂತೆ ಇಳಿದವು. ಗಾಳಿಪಟದ ದಾರ ಬಿಡುವಷ್ಟೂ ಬಲ ಬೇಕಾಗಲಿಲ್ಲ.

ನರ್ಸನ್ನು ಮನೆಯಿಂದ ಕರೆಸಿ, ಮಹಿಳಾ ಪೇದೆಯನ್ನು ಜೊತೆಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದ. ಇಪ್ಪತ್ತೈದರ ಆಸುಪಾಸಿನ ಹುಡುಗಿ.

"ಚಕ್ರ ಸೆಟ್ ಮಾಡಿದ್ದು ಯಾರು?"

"ನಾನೇ ಸರ್. ಹನಿ ಎಣಿಸಿಯೇ ಬಿಟ್ಟೆ. ಬಾಟಲಿ ಮಾರನೇ ದಿನದವರೆಗೂ ಬರಬೇಕಿತ್ತು."

"ಎಷ್ಟು ಬಂತು?"

ಅವಳು ಮಹಿಳಾ ಪೇದೆಯ ಕಡೆ ನೋಡಿದಳು.

"ಮುಚ್ಚಿಟ್ರೆ ನಿಮಗೇ ಕಷ್ಟ ಆಗೋದು."

"ಪಕ್ಕದ ವಾರ್ಡಲ್ಲಿ ಒಬ್ಬರಿಗೆ ಉಸಿರು ಸಿಕ್ಕೊಂಡಿತ್ತು, ಓಡಿಹೋದೆ. ವಾಪಸ್ ಬರೋ ಹೊತ್ತಿಗೆ ಸಂಜೆ ನೋಡೋಕೆ ಬಂದೋರೆಲ್ಲ ಹೋಗಿದ್ರು. ಬಾಟಲಿ ಖಾಲಿಯಾಗಿತ್ತು. ನಾನೇ ತಪ್ಪು ಮಾಡಿದೀನಿ ಅನ್ಕೊಂಡೆ. ಯಾರಿಗೂ ಹೇಳದೆ ಬೇರೆ ಬಾಟಲಿ ಹಾಕ್ಬಿಟ್ಟೆ. ಆಮೇಲೆ ಅವರಿಗೆ ಮೂತ್ರ ಹೋಗೋಕೆ ಶುರುವಾಯ್ತು, ನಿಲ್ಲಲೇ ಇಲ್ಲ. ಮೈಯಲ್ಲಿದ್ದ ನೀರು ಹೊರಗೆ ಹೋದಷ್ಟೂ ಉಪ್ಪು ಏರ್ತಾ ಹೋಗಿದೆ."

"ಆಗಲೇ ಡಾಕ್ಟರಿಗೆ ಹೇಳಿದ್ರೆ?"

"ಸರಿಮಾಡಬಹುದಿತ್ತೇನೋ." ಅವಳ ದನಿ ಒಡೆಯಿತು. "ಹೆದರಿಬಿಟ್ಟೆ ಸರ್. ಈ ಕೇಸು ನನ್ನ ಮೇಲೆ ನಿಂತ್ರೆ ಯಾವ ಆಸ್ಪತ್ರೆಯೂ ಸೇರಿಸ್ಕೊಳ್ಳಲ್ಲ. ನಂಗೆ ಬೇರೆ ಕೆಲಸ ಬರಲ್ಲ."

"ವಾಪಸ್ ಬಂದಾಗ ಚಕ್ರ ಎಲ್ಲಿತ್ತು?"

ಆ ಪ್ರಶ್ನೆ ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿಕೊಂಡಿರಲಿಲ್ಲ. ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. "ಪೂರ್ತಿ ಮೇಲಿತ್ತು. ಪೂರ್ತಿ ತೆರೆದಿತ್ತು ಸರ್."

"ಎಣಿಸೋದ್ರಲ್ಲಿ ತಪ್ಪಿದ್ರೆ ಅಷ್ಟು ತೆರೆದಿರುತ್ತಾ?"

"ಇಲ್ಲ. ಒಂದೆರಡು ಹನಿ ಹೆಚ್ಚು ಕಮ್ಮಿ ಆಗಬಹುದು. ಹೀಗೆ ಯಾರೂ ಬಿಟ್ಟು ಹೋಗಲ್ಲ."

"ಯಾರಾದ್ರೂ ಬಾಟಲಿ ಬಗ್ಗೆ ಕೇಳಿದ್ರಾ?"

"ಅವರ ಸ್ನೇಹಿತರು, ಆ ತಾತ. ಏನಮ್ಮಾ ಇದು ಅಂದ್ರು. ಉಪ್ಪುನೀರು ತಾತ, ಮುಟ್ಟಬೇಡಿ ಅಂದೆ."

ಪಕ್ಕದ ಮಂಚದಲ್ಲಿ ಗಂಡನ ಮುರಿದ ಕಾಲು ಕಾಯುತ್ತಿದ್ದ ಹೆಂಗಸು ಇನ್ನಷ್ಟು ಹೇಳಿದಳು. ಆ ಭಾನುವಾರ ಸಂಜೆ ಮಗಳು ಔಷಧಿ ತರಲು ಕೆಳಗೆ ಹೋಗಿದ್ದಳು. ಆ ಯಜಮಾನರು ಮಾತ್ರ ಸ್ಟ್ಯಾಂಡು ಹಿಡಿದು ನಿಂತು, ಪ್ರಜ್ಞೆ ಇಲ್ಲದವರಿಗೆ ಕತೆ ಹೇಳುತ್ತಿದ್ದರು. "ಯಾವುದೋ ಬೆಂಕಿ, ಯಾವುದೋ ಬಾಟಲಿ. ಅವರಿಗೆ ಕೇಳ್ಸುತ್ತೋ ಬಿಡುತ್ತೋ, ನಂಗಂತೂ ಎಲ್ಲಾ ಬಾಯಿಪಾಠ ಆಗ್ಹೋಯ್ತು."

ದಫೇದಾರ ಇನ್ಸ್‌ಪೆಕ್ಟರಿನ ಮುಖ ನೋಡಿದ. ಸಾಹೇಬ ಕಿಟಕಿಯ ಕಡೆ ತಿರುಗಿಕೊಂಡಿದ್ದ.

ಇನ್ನು ಉಳಿದದ್ದು ಮಂಚದ ಮೇಲಿದ್ದವರೇ. ಅವರಿಗೆ ಎಲ್ಲ ಕೇಳಿಸುತ್ತದೆ, ಎಲ್ಲ ತಿಳಿಯುತ್ತದೆ, ಕಣ್ಣು ಮೇಲೆತ್ತಿದರೆ ಹೌದು, ಕೆಳಗಿಳಿಸಿದರೆ ಇಲ್ಲ ಎಂದು ಡಾಕ್ಟರು ಹೇಳಿಕೊಟ್ಟರು. ಇನ್ಸ್‌ಪೆಕ್ಟರ್ ಟೋಪಿ ತೆಗೆದು ಬಗ್ಗಿದ.

"ಅಣ್ಣಾ, ನಾನು ಕಡ್ಡಿ. ಬಾಟಲಿ ಹೊರ್ತಿದ್ನಲ್ಲ, ನಿಮ್ಮ ಎಡಗಡೆ. ಗುರ್ತು ಸಿಕ್ತಾ?"

ಕಣ್ಣು ಮೇಲೆ ಹೋಯಿತು. ಆಮೇಲೆ ಇಳಿದು, ಹಳೆಯ ಕಡ್ಡಿಗೆ ಈಗ ಬಂದಿದ್ದ ಹೊಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ನಗಲು ಬಾರದವರು ನಗುತ್ತಿದ್ದಾರೆಂದು ಅವನಿಗೆ ಗೊತ್ತಾಯಿತು.

"ಆ ಚಕ್ರ ತಿರುಗಿಸಿದ್ದು ಯಾರು ಅಂತ ನಿಮಗೆ ಗೊತ್ತಾ?"

ಮೇಲೆ.

"ನರ್ಸಾ?"

ಕೆಳಗೆ.

"ನಿಮ್ಮ ಮಗಳಾ?"

ಕೆಳಗೆ.

"ಮೇಸ್ತ್ರಿನಾ?"

ಕಣ್ಣು ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ರೆಪ್ಪೆಗಳು ಮುಚ್ಚಿಕೊಂಡವು. ಇನ್ಸ್‌ಪೆಕ್ಟರ್ ಕಾದ. ಇನ್ನೊಂದು ಸಲ ಕೇಳಿದ. ಅವನು ಅಲ್ಲಿರುವವರೆಗೂ ಕೊಳವೆಯಣ್ಣ ಮತ್ತೆ ಕಣ್ಣು ತೆರೆಯಲಿಲ್ಲ.

ವರಾಂಡಕ್ಕೆ ಬಂದು ಬೆಂಚಿನ ಮೇಲೆ ಕೂತಾಗ ಅವನಿಗೆ ಹದಿನೆಂಟು ವರ್ಷದ ತನ್ನ ಮೈಯೇ ನೆನಪಾಯಿತು. ಭಟ್ಟಿಯ ಮುಂದೆ ಬೆಳಿಗ್ಗೆಯಿಂದ ಬೆವರು ಸುರಿಸಿ, ಬಾಯಾರಿದಾಗೆಲ್ಲ ಬರೀ ನೀರು ಕುಡಿದು, ಮಧ್ಯಾಹ್ನ ಕಾಲಿನ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಬಿದ್ದಿದ್ದ. ಕಣ್ಣು ಕತ್ತಲೆ, ಬಾಯಲ್ಲಿ ಏನೇನೋ ಬಡಬಡಿಕೆ. ಮೇಸ್ತ್ರಿ ಓಡಿಬಂದು, ತೊಡೆಯ ಮೇಲೆ ತಲೆ ಇಟ್ಟುಕೊಂಡು, ಮಡಕೆಯ ಉಪ್ಪುನೀರನ್ನು ಲೋಟಗಟ್ಟಲೆ ಕುಡಿಸಿದ್ದರು. "ಕುಡಿ ಮಗನೇ, ನಿಮ್ಮಮ್ಮ ನನ್ನ ಸುಮ್ನೆ ಬಿಡಲ್ಲ." ಸಂಜೆಯ ಹೊತ್ತಿಗೆ ಅವನು ಎದ್ದು ಬಾಟಲಿ ಹೊತ್ತಿದ್ದ. ಆ ಭಟ್ಟಿಯ ಮುಂದೆ ಹಾಗೆ ಬಿದ್ದವರೆಷ್ಟೋ. ಮೇಸ್ತ್ರಿ ಒಬ್ಬರನ್ನೂ ಸಾಯಲು ಬಿಟ್ಟಿರಲಿಲ್ಲ. ಉಪ್ಪುನೀರು ಕೊಡು, ಬೇಗ ಕೊಡು, ಜಾಸ್ತಿ ಕೊಡು. ಭಟ್ಟಿಯ ಶಾಸ್ತ್ರವೇ ಅದು.

ಎದ್ದು ಒಳಗೆ ಹೋಗಿ ಡಾಕ್ಟರನ್ನು ಕೇಳಿದ. "ಬೆವರು ಹರಿದು, ನೀರು ಕುಡಿದು ಬಿದ್ದವನಿಗೆ ತಕ್ಷಣ ಉಪ್ಪುನೀರು ಕೊಟ್ರೆ ತಪ್ಪಾ?"

"ಖಂಡಿತ ಅಲ್ಲ. ಅಲ್ಲಿ ತಡ ಮಾಡಿದ್ರೇ ಜೀವ ಹೋಗೋದು. ಗಂಟೆಗಳಲ್ಲಿ ಇಳಿದಿದ್ದನ್ನ ಗಂಟೆಗಳಲ್ಲೇ ಏರಿಸಬಹುದು, ಮೆದುಳು ಇನ್ನೂ ಒಗ್ಗಿರಲ್ಲ. ವಾರಗಳಲ್ಲಿ ಇಳಿದಿದ್ದಕ್ಕೆ ಮಾತ್ರ ಆ ಅವಸರ ವಿಷ."

ಸಂಜೆ ಐದೂವರೆಗೆ ಜೀಪು ಗಾಜಿನ ಕಾರ್ಖಾನೆಯ ಗೇಟಿನ ಮುಂದೆ ನಿಂತಿತು. ಮೇಸ್ತ್ರಿ ಗೇಟಿನ ಪಕ್ಕದ ಕಾವಲುಗಾರನ ಕೋಣೆಯಲ್ಲೇ ವಾಸ. ಹೆಂಡತಿ ತೀರಿಕೊಂಡ ಮೇಲೆ ಅಲ್ಲಿಗೇ ಬಂದುಬಿಟ್ಟಿದ್ದರು. ಕಾವಲು ಕಾಯಲು ಅಲ್ಲಿ ಉಳಿದಿದ್ದಾದರೂ ಏನು, ಮುರಿದ ಹೆಂಚು, ಪಾರಿವಾಳ, ತಣ್ಣಗಾದ ಭಟ್ಟಿ.

"ಬಾರೋ, ಒಳಗೆ ಬಾ," ಮೇಸ್ತ್ರಿ ಅವನನ್ನು ದೊಡ್ಡ ಶೆಡ್ಡಿಗೆ ಕರೆದುಕೊಂಡು ಹೋದರು. "ನೀನು ನಿಲ್ತಿದ್ದ ಜಾಗ ಇದು. ಕೊಳವೆಯಣ್ಣ ಅಲ್ಲಿ. ಹಸಿರು ಬಾಟಲಿಯೋರು ಆ ಕಡೆ. ಪಾಳಿ ಮುಗಿದ ಮೇಲೆ ಇಲ್ಲೇ ಕೂತು ಏನು ನಗ್ತಿದ್ವಿ. ಎಲ್ಲಾ ಹೋದ್ರು ಕಣೋ, ಒಬ್ಬೊಬ್ಬರೇ."

ಕೆಂಪಗೆ ಉರಿಯುತ್ತಿದ್ದ ಆ ಬಾಯಿ ಈಗ ಕಪ್ಪಗಿತ್ತು. ಆದರೂ ಅಲ್ಲಿ ನಿಂತಾಗ ಇನ್ಸ್‌ಪೆಕ್ಟರಿನ ಮುಖ ಬಿಸಿಯಾದಂತೆನಿಸಿತು. ಈ ಮನುಷ್ಯನನ್ನು ಬಿಟ್ಟು ಬೇರೆ ಯಾರನ್ನು ಬೇಕಾದರೂ ಹಿಡಿಯುತ್ತಿದ್ದೆ ಎಂದು ಅವನು ಅಂದುಕೊಂಡ. ಅಂದುಕೊಂಡು ಪ್ರಶ್ನೆ ಕೇಳಿದ.

"ಮೇಸ್ತ್ರಿ, ಕೊಳವೆಯಣ್ಣನ್ನ ಎಬ್ಬಿಸಿದ್ದು ಯಾರು?"

"ಇನ್ಯಾರು, ನಾನೇ." ಮುದುಕರ ಮುಖ ಅರಳಿತು. "ಆಸ್ಪತ್ರೆಯೋರಿಗೆ ಹೇಳಬೇಡ, ಒಳಗೆ ಬಿಡಲ್ಲ ಆಮೇಲೆ. ಬಂದ ದಿನ ಫಿಟ್ಸ್ ನಿಲ್ಲಿಸೋಕೆ ಒಂದು ಗುಟುಕು ಕೊಟ್ರಲ್ಲ, ಕಣ್ಣು ಬಿಟ್ಟು 'ಮೇಸ್ತ್ರಿ' ಅಂದ. ಒಂದೇ ಮಾತು. ಮತ್ತೆ ಮುಳುಗಿಹೋದ. ಏನು ಬಾಟಲಿ ಅಂತ ಕೇಳಿದ್ರೆ ಉಪ್ಪುನೀರು ಅಂತಾಳೆ ಆ ಹುಡುಗಿ. ಬಿಡ್ತಿರೋದು ಹೇಗೆ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಟಪ್, ಟಪ್. ಭಟ್ಟೀಲಿ ಹಾಗೆ ಕೊಟ್ಟಿದ್ರೆ ನೀನು ಇವತ್ತು ಇರ್ತಿದ್ಯೇನೋ? ಚಕ್ರ ಬಿಚ್ಚಿಬಿಟ್ಟೆ. ಬೆಳಿಗ್ಗೆ ಹೋದ್ರೆ ಎದ್ದು ಕೂತವ್ನೆ. ಅವನಿಗೂ ಹೇಳ್ದೆ, ನಿನ್ನ ಎಬ್ಬಿಸಿದ್ದು ಡಾಕ್ಟ್ರಲ್ಲ ಕಣಯ್ಯಾ, ಭಟ್ಟಿ ಮದ್ದು ಅಂತ. ಎಷ್ಟು ನಕ್ಕ ಅಂತೀಯ. ಎರಡು ದಿನ, ಕಡ್ಡಿ. ಎರಡು ದಿನ ನಮ್ಮ ಹಳೇ ಭಟ್ಟಿಯೋರೆಲ್ಲ ಅವನ ಮಾತಲ್ಲಿ ವಾಪಸ್ ಬಂದಿದ್ರು. ಆಮೇಲೆ ಅವಳು ಏನು ಮಾಡಿದ್ಲೋ."

ದಫೇದಾರ ಬೇರೆ ಕಡೆ ನೋಡಿದ. ಬೆಟ್ಟ ಅಗೆಯುವ ಮೊದಲೇ ಇಲಿ ತಾನಾಗಿ ಕೈಗೆ ಬಂದಿತ್ತು, ಹಿಡಿಯುವ ಮನಸ್ಸು ಮಾತ್ರ ಯಾರಿಗೂ ಇರಲಿಲ್ಲ.

"ಅವಳು ಏನೂ ಮಾಡಿಲ್ಲ ಮೇಸ್ತ್ರಿ," ಅಂದ ಇನ್ಸ್‌ಪೆಕ್ಟರ್.

ಡಾಕ್ಟರು ಹೇಳಿದ್ದನ್ನೆಲ್ಲ ಅವನು ಭಟ್ಟಿಯ ಮಾತಿನಲ್ಲೇ ಹೇಳಿದ. ಈಗಷ್ಟೇ ಊದಿದ ಬಾಟಲಿಯನ್ನು ನಾವು ಗಾಳಿಗೆ ಇಡುತ್ತಿದ್ದೆವಾ? ನಿಧಾನಕ್ಕೆ ಆರಲಿ ಎಂದು ಬೂದಿಯ ಗೂಡಿಗೆ ಹಾಕುತ್ತಿರಲಿಲ್ಲವಾ? ಅವಸರ ಮಾಡಿದರೆ ಆಗ ಏನೂ ಕಾಣುತ್ತಿರಲಿಲ್ಲ, ಆಮೇಲೆ ತಾನಾಗಿ ಸೀಳು ಬಿಡುತ್ತಿತ್ತು. ಅಷ್ಟು ಹೇಳುವುದರೊಳಗೆ ಮೇಸ್ತ್ರಿಗೆ ಅರ್ಥವಾಗಿತ್ತು. ಬಾಯಿ ಮಾತ್ರ ಒಪ್ಪಲಿಲ್ಲ.

"ಸುಳ್ಳು ಹೇಳಬೇಡ. ನೀನು ಬದುಕಲಿಲ್ವಾ?"

"ನಾನು ಬಿದ್ದಿದ್ದು ಒಂದು ದಿನದಲ್ಲಿ. ಅವರು ಒಂದು ತಿಂಗಳಿಂದ ಬೀಳ್ತಾ ಇದ್ರು."

ಮೇಸ್ತ್ರಿ ಇಟ್ಟಿಗೆಯ ಕಟ್ಟೆಯ ಮೇಲೆ ಕೂತರು. ತಣ್ಣನೆಯ ಭಟ್ಟಿಯ ಬಾಯಿ ನೋಡುತ್ತಾ, "ಆ ಹುಡುಗಿ?" ಅಂದರು.

"ಕೆಲಸ ಹೋಗೋದ್ರಲ್ಲಿದೆ."

"ನಡಿ," ಅಂದರು ಮೇಸ್ತ್ರಿ. ಎದ್ದು ಹೋಗಿ ಒಗೆದ ಅಂಗಿ ಹಾಕಿಕೊಂಡು, ಕೋಣೆಗೆ ಬೀಗ ಹಾಕಿ ಬಂದರು. ಜೀಪು ಹತ್ತುವಾಗ ದಫೇದಾರ ಕೈ ಕೊಟ್ಟ. ಅದನ್ನು ಹಿಡಿದುಕೊಂಡೇ ಹತ್ತಿದರು.

ಏಳು ಗಂಟೆಗೆ ಹೇಳಿಕೆ ದಾಖಲಾಯಿತು. ಅದನ್ನು ಕೇಳಲೆಂದು ಟೀಚರನ್ನೂ ಕರೆಸಿದ್ದರು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ಬೈಯಬೇಕೆಂದುಕೊಂಡಿದ್ದವಳಿಗೆ ಬೈಯಲು ಆಗಲಿಲ್ಲ. ಮುಟ್ಟಬೇಡಿ ಎಂದಿದ್ದರೂ ಮುಟ್ಟಿದ್ದು ಯಾಕೆ ಎಂದು ಇನ್ಸ್‌ಪೆಕ್ಟರ್ ಕೇಳಲೇಬೇಕಾಯಿತು.

"ಅವನೊಬ್ಬನೇ ಉಳಿದಿದ್ದ," ಅಂದರು ಮೇಸ್ತ್ರಿ. "ಭಟ್ಟಿ ಉರೀತಿದ್ದಾಗ ನಾನು ಯಾರು ಅಂತ ಗೊತ್ತಿದ್ದೋನು. ಅವನು ಗುರ್ತು ಹಿಡೀದೇ ಹೋಗಿಬಿಟ್ರೆ ನಾನು ಬರೀ ಗೇಟು ಕಾಯೋ ಮುದುಕ. ನಿಧಾನಕ್ಕೆ ಎಬ್ಬಿಸ್ತೀವಿ ಅಂತಾರೆ ಇವರು. ಅಷ್ಟು ದಿನ ಇರ್ತಾನೆ ಅಂತ ಯಾರಿಗೆ ಗ್ಯಾರಂಟಿ? ನಂಗೆ ತಡ್ಕೊಳ್ಳೋಕಾಗಲಿಲ್ಲ."

ಏಳೂಮುಕ್ಕಾಲಿಗೆ ದಸ್ತಗಿರಿ ಎಂದು ಬರೆದು ಸಹಿ ಹಾಕಿಸಿಕೊಂಡರು. ನರ್ಸು ಈಗ ಆರೋಪಿಯಲ್ಲ, ಸಾಕ್ಷಿ ಎಂದು ನ್ಯಾಯಾಲಯಕ್ಕೆ ವರದಿ ಸಿದ್ಧವಾಯಿತು. ಜಾಮೀನು ಕೊಡಬಹುದಾದ ಅಪರಾಧ. ಜಾಮೀನಿಗೆ ಯಾರಿದ್ದಾರೆ ಎಂದು ದಫೇದಾರ ಕೇಳಿದಾಗ ಮೇಸ್ತ್ರಿ ಯಾರೂ ಇಲ್ಲ ಎಂದು ಕೈಯಾಡಿಸಿದರು. ಟೀಚರು ಮುಂದೆ ಬಂದು ಪೆನ್ನು ತೆಗೆದುಕೊಂಡು ಸಹಿ ಹಾಕಿದಳು. ಯಾರ ಮುಖವನ್ನೂ ನೋಡದೆ, ಅಪ್ಪನ ಹತ್ತಿರ ಯಾರೂ ಇಲ್ಲ ಎಂದು ಹೊರಟುಹೋದಳು.

ಮೇಸ್ತ್ರಿ ಬೆಂಚು ಬಿಟ್ಟು ಏಳಲಿಲ್ಲ.

"ಕಡ್ಡಿ. ಅವನನ್ನ ಕೇಳಿದ್ಯಾ? ಯಾರು ಮಾಡಿದ್ದು ಅಂತ?"

"ಕೇಳ್ದೆ."

"ನಾನೇ ಅಂತ ಅವನಿಗೆ ಗೊತ್ತು. ನಾನೇ ಹೇಳಿದ್ನಲ್ಲ. ಏನಂದ?"

"ನರ್ಸಾ ಅಂದೆ, ಇಲ್ಲ ಅಂದ್ರು. ಮಗಳಾ ಅಂದೆ, ಇಲ್ಲ ಅಂದ್ರು. ನಿಮ್ಮ ಹೆಸರು ಹೇಳ್ದೆ. ಕಣ್ಣು ಮುಚ್ಕೊಂಡುಬಿಟ್ರು."

"ಹೌದು ಅನ್ನಲಿಲ್ವಾ?"

"ಅನ್ನಲಿಲ್ಲ. ನಾನು ಹೋಗೋವರೆಗೂ ಕಣ್ಣು ಬಿಡಲಿಲ್ಲ."

"ಉಳಿದಿದ್ದು ಅದೊಂದೇ ಅಲ್ಲೇನೋ ಅವನಿಗೆ," ಅಂದರು ಮೇಸ್ತ್ರಿ. "ಆ ಕಣ್ಣೊಂದೇ. ಅದನ್ನೂ ನನಗೋಸ್ಕರ ಮುಚ್ಕೊಂಡ್ನಾ?"

ಇನ್ಸ್‌ಪೆಕ್ಟರ್ ಹೂಂ ಎಂದ. ಮೇಸ್ತ್ರಿ ಆ ಸುಟ್ಟ ಕೈಗಳಲ್ಲಿ ಮುಖ ಮುಚ್ಚಿಕೊಂಡು, ಇಡೀ ಠಾಣೆಗೆ ಕೇಳಿಸುವಷ್ಟು ಜೋರಾಗಿ ಅತ್ತರು. ದಫೇದಾರ ಎದ್ದು ಹೋಗಿ ಬಾಗಿಲು ಮುಂದಕ್ಕೆಳೆದ. ಇನ್ಸ್‌ಪೆಕ್ಟರ್ ಕುರ್ಚಿ ಬಿಟ್ಟು ಬಂದು ಬೆಂಚಿನ ಮೇಲೆ ಮೇಸ್ತ್ರಿಯ ಪಕ್ಕದಲ್ಲಿ ಕೂತ.